ಕಣಜ ನೂರಾರು ಊರಲ್ಲಿ, ಲೆಕ್ಕ ಎಲ್ಲರದ್ದು: ವಿಜ್ಞಾನದ ಗ್ರಿಡ್ ಬೆಳೆದು ಬಂದ ಕತೆ

2012ರ ಜುಲೈ 4ರಂದು ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ದೊಡ್ಡ ಸುದ್ದಿ ಬಂತು. ಹಿಗ್ಸ್ ಬೋಸಾನ್‌ನಂತೆ ಕಾಣುವ ಹೊಸ ಕಣವೊಂದು ಸಿಕ್ಕಿದೆ ಎಂದು ವಿಜ್ಞಾನಿಗಳು ಹೇಳಿದರು. ನಮ್ಮ ಕಡೆ ಪತ್ರಿಕೆ, ಟಿವಿಗಳು ಅದನ್ನು 'ದೇವಕಣ' ಎಂದು ಕರೆದವು. ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಯಂತ್ರದ ಚಿತ್ರ ಎಲ್ಲೆಡೆ ಬಂತು.

ಆ ದಿನ ಸರ್ನ್‌ನ ಮಹಾನಿರ್ದೇಶಕರಾಗಿದ್ದ ರೋಲ್ಫ್ ಹೊಯರ್ ಈ ಯಶಸ್ಸಿಗೆ ಮೂರು ಕಾರಣ ಹೇಳಿದರು. ಒಂದು, ಕಣಗಳನ್ನು ಓಡಿಸುವ ಯಂತ್ರ. ಎರಡು, ಅವುಗಳ ಡಿಕ್ಕಿಯನ್ನು ನೋಡುವ ಪ್ರಯೋಗಗಳು. ಮೂರನೆಯದು ಗ್ರಿಡ್ ಕಂಪ್ಯೂಟಿಂಗ್. ಮೊದಲೆರಡರ ಬಗ್ಗೆ ನಾವೆಲ್ಲ ಒಂದಿಷ್ಟು ಓದಿದ್ದೇವೆ. ಮೂರನೆಯದರ ಬಗ್ಗೆ ಕನ್ನಡದಲ್ಲಿ ಬಂದದ್ದು ಕಡಿಮೆ. ಈ ಬರಹ ಅದರ ಬಗ್ಗೆ. ಅದರಲ್ಲೂ ಗ್ರಿಡ್‌ನ ಹೊಟ್ಟೆಯ ಬಗ್ಗೆ, ಅಂದರೆ ಮಾಹಿತಿ ತುಂಬಿಡುವ ಕಣಜದ ಬಗ್ಗೆ.

ಇದೆಲ್ಲ ನಮಗ್ಯಾಕೆ ಅನ್ನಿಸಬಹುದು. ಇವತ್ತು ನಮ್ಮ ಪಹಣಿ, ಅಂಕಪಟ್ಟಿ, ಮದುವೆ ಫೋಟೊ ಎಲ್ಲ ಯಾವುದೋ ಊರಿನ ಯಾವುದೋ ಡಿಸ್ಕಿನಲ್ಲಿ ಕೂತಿವೆ. ದೂರದ ಡಿಸ್ಕಿನಲ್ಲಿ ಇಟ್ಟದ್ದು ಹಾಗೇ ಉಳಿದಿದೆಯಾ, ಕೇಳಿದಾಗ ಸಿಗುತ್ತದಾ ಎಂಬ ಪ್ರಶ್ನೆಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದವರಲ್ಲಿ ಈ ವಿಜ್ಞಾನಿಗಳೂ ಸೇರಿದ್ದಾರೆ.

ಒಂದೇ ಕಟ್ಟಡ ಯಾಕೆ ಸಾಲಲಿಲ್ಲ

ಸರ್ನ್ ಸ್ಥಾಪನೆಯಾದದ್ದು 1954ರಲ್ಲಿ. ನಾವು ದಿನಾ ಬಳಸುವ ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದೂ ಅಲ್ಲೇ, 1989ರಲ್ಲಿ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ಪ್ರಸ್ತಾವದಿಂದ. ಆಮೇಲೆ ಎಲ್‌ಎಚ್‌ಸಿ ಎಂಬ ದೊಡ್ಡ ಯಂತ್ರದ ಯೋಜನೆ ಶುರುವಾಯಿತು.

ಆ ಯಂತ್ರದಲ್ಲಿ ಕಣಗಳ ಗುಂಪುಗಳು ಸೆಕೆಂಡಿಗೆ 4 ಕೋಟಿ ಬಾರಿ ಎದುರುಬದುರಾಗುವಂತೆ ಲೆಕ್ಕ ಹಾಕಲಾಗಿತ್ತು. ಅಷ್ಟನ್ನೂ ಬರೆದಿಡಲು ಯಾವ ಕಂಪ್ಯೂಟರಿಗೂ ಆಗದು. ಹಾಗಾಗಿ ಕಾಳು ಹಸನು ಮಾಡುವ ಹಾಗೆ ಅಲ್ಲೇ ಕೇರಿ, ಸೆಕೆಂಡಿಗೆ ಕೆಲವು ನೂರು ಘಟನೆಗಳನ್ನು ಮಾತ್ರ ಉಳಿಸಿಕೊಳ್ಳುವುದು ಎಂದಾಯಿತು. ಹೀಗೆ ಕೇರಿದ ಮೇಲೂ ವರ್ಷಕ್ಕೆ ಸುಮಾರು 15 ಪೆಟಾಬೈಟ್ ಮಾಹಿತಿ ಉಳಿಯುತ್ತದೆ ಎಂದು ಅಂದಾಜಿಸಿದರು. 15 ಪೆಟಾಬೈಟ್ ಅಂದರೆ 1.5 ಕೋಟಿ ಜಿಬಿ. ನಿಮ್ಮ ಕೈಲಿರುವುದು 64 ಜಿಬಿ ಫೋನ್ ಆದರೆ, ಅಂಥ 2.3 ಲಕ್ಷ ಫೋನ್ ತುಂಬಬೇಕು. ಅದೂ ಪ್ರತಿ ವರ್ಷ.

ಇದನ್ನೆಲ್ಲ ಜಿನೀವಾದಲ್ಲೇ ಇಡಲು ಜಾಗ, ಕರೆಂಟು, ಹಣ ಮೂರೂ ಸಾಲುತ್ತಿರಲಿಲ್ಲ. ಇದರ ಜೊತೆ ಇನ್ನೊಂದು ಕಾರಣವೂ ಇತ್ತು. ಪ್ರಯೋಗದಲ್ಲಿ ಸೇರಿದ್ದ ದೇಶಗಳಿಗೆ ತಮ್ಮ ದುಡ್ಡು ತಮ್ಮ ನೆಲದಲ್ಲೇ ಖರ್ಚಾದರೆ ಒಳ್ಳೆಯದು ಎನಿಸಿತ್ತು. ಯಂತ್ರ ತಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಬಂದರೆ ಅದನ್ನು ನಡೆಸಲು ಕಲಿಯುವವರೂ ಅಲ್ಲಿನ ಹುಡುಗರೇ ಆಗುತ್ತಾರೆ. ವಿದ್ಯೆ ಊರಲ್ಲೇ ಉಳಿಯುತ್ತದೆ.

ಕರೆಂಟಿನಿಂದ ಬಂದ ಹೆಸರು

1998ರಲ್ಲಿ ಇಯಾನ್ ಫಾಸ್ಟರ್ ಮತ್ತು ಕಾರ್ಲ್ ಕೆಸೆಲ್ಮನ್ ಸಂಪಾದಿಸಿದ 'ದ ಗ್ರಿಡ್' ಎಂಬ ಪುಸ್ತಕ ಬಂತು. ಗ್ರಿಡ್ ಎಂಬ ಮಾತನ್ನು ಅವರು ವಿದ್ಯುತ್ ಜಾಲದಿಂದ ತೆಗೆದುಕೊಂಡರು. ಪ್ಲಗ್ ಹಾಕಿದರೆ ಸಾಕು, ಕರೆಂಟು ಶರಾವತಿಯದ್ದೋ ರಾಯಚೂರಿನದ್ದೋ ನಮಗೆ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಶಕ್ತಿಯೂ ಹಾಗೇ ಸಿಗಬೇಕು ಎಂಬುದು ಅವರ ವಿಚಾರ.

ಅದೇ ಹೊತ್ತಿಗೆ ಸರ್ನ್ ಬಳಗದಲ್ಲಿ ಮೊನಾರ್ಕ್ ಎಂಬ ಅಧ್ಯಯನ ನಡೆಯಿತು. ಎಲ್ಲಿ ಎಷ್ಟು ಇಡಬೇಕು ಎಂಬುದಕ್ಕೆ ಅದು ಮೆಟ್ಟಿಲಿನ ವ್ಯವಸ್ಥೆಯೊಂದನ್ನು ಸೂಚಿಸಿತು. ಸರ್ನ್ 'ಟಿಯರ್-0'. ಅದರ ಕೆಳಗೆ ದೊಡ್ಡ ದೇಶಗಳ ಹತ್ತಾರು 'ಟಿಯರ್-1' ಕೇಂದ್ರಗಳು. ಅವುಗಳ ಕೆಳಗೆ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ 'ಟಿಯರ್-2'. ಮೂಲ ಮಾಹಿತಿಯ ಒಂದು ಪ್ರತಿ ಸರ್ನ್‌ನಲ್ಲಿ, ಇನ್ನೊಂದು ಪ್ರತಿ ಟಿಯರ್-1 ಕೇಂದ್ರಗಳಲ್ಲಿ ಹಂಚಿಕೆ. ನಮ್ಮ ಹಿರಿಯರು ಬಿತ್ತನೆ ಬೀಜವನ್ನು ಒಂದೇ ಹಗೇವಿನಲ್ಲಿ ಇಡುತ್ತಿರಲಿಲ್ಲವಲ್ಲ, ಅದೇ ಬುದ್ಧಿ.

2001ರ ಸೆಪ್ಟೆಂಬರಿನಲ್ಲಿ ಸರ್ನ್ ಆಡಳಿತ ಮಂಡಳಿ ಈ ಗ್ರಿಡ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಸ್ ರಾಬರ್ಟ್‌ಸನ್ ಅದರ ಮುಖ್ಯಸ್ಥರಾದರು. ಇಂದು ಈ ಜಾಲದಲ್ಲಿ 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳಿವೆ.

ಗೋದಾಮು ಕಟ್ಟುವ ಕ್ರಮ

ಲೆಕ್ಕ ಮಾಡುವ ಕಂಪ್ಯೂಟರುಗಳನ್ನು ಜೋಡಿಸುವುದು ಅಷ್ಟು ಕಷ್ಟವಾಗಲಿಲ್ಲ. ಒಂದು ಕೆಲಸ ಕೆಟ್ಟರೆ ಮತ್ತೆ ಓಡಿಸಬಹುದು. ಮಾಹಿತಿ ಹಾಗಲ್ಲ. ಕಳೆದರೆ ಕಳೆದೇ ಹೋಯಿತು. ಅದಕ್ಕೇ ಗ್ರಿಡ್ ಕಟ್ಟಿದವರಿಗೆ ಹೆಚ್ಚು ನಿದ್ದೆಗೆಡಿಸಿದ್ದು ಸಂಗ್ರಹ ವ್ಯವಸ್ಥೆ.

ಅದರ ರಚನೆ ತಿಳಿಯಲು ನಮ್ಮ ಸೊಸೈಟಿ ಗೋದಾಮನ್ನು ನೆನೆಯಿರಿ. ಕಾರ್ಯದರ್ಶಿ ಹತ್ತಿರ ಒಂದು ರಿಜಿಸ್ಟರ್. ಯಾರ ಚೀಲ ಯಾವ ಗೋದಾಮಿನ ಯಾವ ಸಾಲಿನಲ್ಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ಚೀಲಗಳು ಮಾತ್ರ ಬೇರೆಡೆ.

ಗ್ರಿಡ್ ಸಂಗ್ರಹವೂ ಹೀಗೇ. ಒಂದು ಮುಖ್ಯ ಸರ್ವರ್. ಅದರಲ್ಲಿ ಫೈಲ್ ಹೆಸರು, ಅಳತೆ, ಇರುವ ಜಾಗ ಎಲ್ಲ ಬರೆದ ಡೇಟಾಬೇಸ್. ಅದರ ಹಿಂದೆ ಹತ್ತಾರು, ನೂರಾರು ಡಿಸ್ಕ್ ಸರ್ವರ್. ದೂರದ ವಿಜ್ಞಾನಿ ಫೈಲ್ ಕಳಿಸಬೇಕಾದರೆ ಮೊದಲು ಮುಖ್ಯ ಸರ್ವರಿಗೆ 'ಜಾಗ ಬೇಕು' ಎಂದು ಕೇಳುತ್ತಾನೆ. ಅದು ಖಾಲಿ ಇರುವ ಡಿಸ್ಕ್ ಸರ್ವರಿನ ವಿಳಾಸ ಕೊಡುತ್ತದೆ. ಫೈಲ್ ನೇರ ಅಲ್ಲಿಗೇ ಹೋಗುತ್ತದೆ. ಇಳಿಸಿ ಮುಗಿದ ಮೇಲೆ 'ಮುಗಿಯಿತು' ಎಂದು ತಿಳಿಸಬೇಕು. ಆಗ ರಿಜಿಸ್ಟರಿನಲ್ಲಿ ಪಕ್ಕಾ ಆಗುತ್ತದೆ.

ಇದನ್ನು ಮಾಡುವ ತಂತ್ರಾಂಶಗಳು ಒಂದೊಂದು ಕಡೆ ಒಂದೊಂದು ಹುಟ್ಟಿದವು. ಜರ್ಮನಿಯ ಹ್ಯಾಂಬರ್ಗಿನ ಡೆಸಿ ಮತ್ತು ಅಮೆರಿಕದ ಫರ್ಮಿಲ್ಯಾಬ್ ಸೇರಿ 'ಡಿಕ್ಯಾಷ್' ಮಾಡಿದವು. ಸರ್ನ್ ತನ್ನ ಟೇಪ್ ಭಂಡಾರಕ್ಕೆ 'ಕ್ಯಾಸ್ಟರ್' ಇಟ್ಟುಕೊಂಡಿತು. ಒಬ್ಬಿಬ್ಬರೇ ನೋಡಿಕೊಳ್ಳುವ ಸಣ್ಣ ಕೇಂದ್ರಗಳಿಗೆಂದು 'ಡಿಪಿಎಂ' ಬಂತು. ಇಟಲಿಯವರು 'ಸ್ಟಾರ್ಮ್' ಬರೆದರು.

ಒಬ್ಬರ ಗೋದಾಮಿನ ಭಾಷೆ ಇನ್ನೊಬ್ಬರಿಗೆ ತಿಳಿಯಬೇಕಲ್ಲ. ಅದಕ್ಕೆ 'ಎಸ್‌ಆರ್‌ಎಂ' ಎಂಬ ಒಪ್ಪಂದದ ಭಾಷೆ ಬಂತು. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ಆರಿ ಶೊಶಾನಿ ಅದರ ಹಿಂದಿದ್ದ ಪ್ರಮುಖರು. ಒಳಗೆ ಯಾವ ತಂತ್ರಾಂಶ ಬೇಕಾದರೂ ಇರಲಿ, ಬಾಗಿಲಲ್ಲಿ ಎಲ್ಲರೂ ಒಂದೇ ಮಾತು ಆಡಬೇಕು ಎಂಬುದು ನಿಯಮ. ಆದರೆ ಒಂದೇ ನಿಯಮವನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡಿಕೊಂಡರು. ಕಾಗದದ ಮೇಲಿನ ಒಪ್ಪಂದ ಕೆಲಸದಲ್ಲಿ ಒಂದಾಗಲು ವರ್ಷಗಳೇ ಹಿಡಿದವು.

ಯಂತ್ರ ಶುರುವಾಗುವ ಮೊದಲೇ ಬರೀ ಸಾಗಾಟದ ಪರೀಕ್ಷೆಗಳು ನಡೆದವು. 2005ರಲ್ಲಿ ಸರ್ನ್‌ನಿಂದ ಯುರೋಪು, ಅಮೆರಿಕದ ಏಳು ಕೇಂದ್ರಗಳಿಗೆ ಹತ್ತು ದಿನ ಸತತವಾಗಿ ಸೆಕೆಂಡಿಗೆ ಸರಾಸರಿ 600 ಎಂಬಿ ಕಳಿಸಿದರು. ಒಟ್ಟು ಸುಮಾರು 500 ಟಿಬಿ.

ಕೆಟ್ಟದ್ದು ಎಲ್ಲೆಲ್ಲಿ

ಇಂಥ ಕೇಂದ್ರ ನಡೆಸುವವರ ಕೆಲಸದಲ್ಲಿ ಬಹುಪಾಲು ದುರಸ್ತಿಯದ್ದೇ. ದೊಡ್ಡ ಯಂತ್ರ ಸುಡುವುದಕ್ಕಿಂತ ಸಣ್ಣ ಸಣ್ಣ ಕಾರಣಕ್ಕೆ ನಿಂತದ್ದೇ ಹೆಚ್ಚು. ನಾಲ್ಕೈದು ಹೇಳುತ್ತೇವೆ.

ಮೊದಲನೆಯದು ಗುರುತಿನ ಚೀಟಿ. ಗ್ರಿಡ್‌ನಲ್ಲಿ ಪಾಸ್‌ವರ್ಡ್ ಬದಲು ಡಿಜಿಟಲ್ ಪ್ರಮಾಣಪತ್ರ ಬಳಸುತ್ತಿದ್ದರು. ಮನುಷ್ಯರಿಗೂ ಒಂದು, ಪ್ರತಿ ಸರ್ವರಿಗೂ ಒಂದು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸಬೇಕು. ಒಂದು ದಿನ ತಪ್ಪಿದರೆ ಇಡೀ ಗೋದಾಮಿನ ಬಾಗಿಲು ಬಂದ್. ಇನ್ನೂ ವಿಚಿತ್ರ ಎಂದರೆ, ಸರ್ವರಿನ ಗಡಿಯಾರ ಕೆಲವು ನಿಮಿಷ ಹಿಂದಿದ್ದರೂ ಹೊಸ ಚೀಟಿಯನ್ನು ಅದು 'ಇನ್ನೂ ಜಾರಿಗೆ ಬಂದಿಲ್ಲ' ಎಂದು ತಳ್ಳಿಹಾಕುತ್ತದೆ. ಅದಕ್ಕೇ ಅನುಭವಸ್ಥರು ಮೊದಲು ನೋಡುತ್ತಿದ್ದದ್ದು ತಾರೀಖು ಮತ್ತು ಗಡಿಯಾರ.

ಎರಡನೆಯದು ಫೈರ್‌ವಾಲ್. ಫೈಲ್ ಸಾಗಿಸುವ 'ಗ್ರಿಡ್‌ಎಫ್‌ಟಿಪಿ' ಪದ್ಧತಿಗೆ ಎರಡು ದಾರಿ ಬೇಕು. ಮಾತುಕತೆಗೆ 2811ನೇ ಬಾಗಿಲು, ಸರಕಿಗೆ ಬೇರೆ ಬಾಗಿಲುಗಳ ಸಾಲು. ಸಾಮಾನ್ಯವಾಗಿ 20000ದಿಂದ 25000ರವರೆಗೆ. ಮೊದಲನೆಯದನ್ನು ಮಾತ್ರ ತೆರೆದಿದ್ದರೆ ಸಂಪರ್ಕ ಸರಿಯಾಗಿ ಸಿಗುತ್ತದೆ, ಫೈಲಿನ ಹೆಸರೂ ಕಾಣುತ್ತದೆ, ಆದರೆ ಅಳತೆ ಸೊನ್ನೆ. ಫೋನ್ ರಿಂಗಾಗಿ ಎತ್ತಿದರೂ ದನಿ ಕೇಳದ ಹಾಗೆ.

ಮೂರನೆಯದು ದೂರ. ಲೈನ್ ದೊಡ್ಡದಿದ್ದರೂ ಫೈಲ್ ಆಮೆಯಂತೆ ಹೋಗುತ್ತದೆ. ಕಾರಣ ಹೀಗಿದೆ. ಕಳಿಸುವ ಕಂಪ್ಯೂಟರ್ ಒಂದು ಕಂತು ಕಳಿಸಿ 'ಮುಟ್ಟಿತು' ಎಂಬ ಉತ್ತರಕ್ಕೆ ಕಾಯುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಒಂದು ಕಂತು 64 ಕೆಬಿ. ಮುಂಬೈಯಿಂದ ಜಿನೀವಾಕ್ಕೆ ಹೋಗಿ ಬರಲು ಸೆಕೆಂಡಿನ ಏಳನೇ ಒಂದು ಭಾಗ ಬೇಕು ಎಂದು ಹಿಡಿಯೋಣ. ಆಗ ಸೆಕೆಂಡಿಗೆ ಏಳು ಕಂತು, ಅಂದರೆ ಸುಮಾರು 450 ಕೆಬಿ ಮಾತ್ರ. 1 ಜಿಬಿ ಫೈಲಿಗೆ 40 ನಿಮಿಷದ ಹತ್ತಿರ. ಲೈನ್ ಎಷ್ಟೇ ಅಗಲ ಮಾಡಿದರೂ ಇದು ಬದಲಾಗದು. ಪರಿಹಾರ ಎರಡು. ಕಂತನ್ನು ದೊಡ್ಡದು ಮಾಡುವುದು, ಇಲ್ಲವೇ ಒಂದೇ ಫೈಲನ್ನು ಹತ್ತು ಭಾಗ ಮಾಡಿ ಒಟ್ಟಿಗೆ ಓಡಿಸುವುದು. ಗ್ರಿಡ್‌ಎಫ್‌ಟಿಪಿ ಈ ಎರಡಕ್ಕೂ ಅವಕಾಶ ಕೊಟ್ಟಿತ್ತು.

ನಾಲ್ಕನೆಯದು ರಿಜಿಸ್ಟರಿಗೂ ಗೋದಾಮಿಗೂ ತಾಳೆಯಾಗದಿರುವುದು. ಡಿಸ್ಕ್ ಸತ್ತಿರುತ್ತದೆ, ರಿಜಿಸ್ಟರಿನಲ್ಲಿ ಫೈಲ್ ಇನ್ನೂ ಇದೆ. ಇಲ್ಲವೇ ರಿಜಿಸ್ಟರಿನಿಂದ ಅಳಿಸಿದ್ದಾಗಿದೆ, ಡಿಸ್ಕಿನಲ್ಲಿ ಚೀಲ ಹಾಗೇ ಬಿದ್ದಿದೆ. ಯಾರಿಗೂ ಕಾಣದೆ ಜಾಗ ತಿನ್ನುವ ಈ ಎರಡನೇ ಬಗೆಗೆ ಅವರು 'ಕತ್ತಲ ಡೇಟಾ' ಎಂಬ ಅರ್ಥದ ಹೆಸರಿಟ್ಟರು. ಇದಕ್ಕೆ ದಾಸ್ತಾನು ತಪಾಸಣೆ ಒಂದೇ ಮದ್ದು. ಎರಡೂ ಪಟ್ಟಿ ತೆಗೆದು ಸಾಲು ಸಾಲಾಗಿ ಹೋಲಿಸಬೇಕು.

ಐದನೆಯದು ಎಲ್ಲಕ್ಕಿಂತ ಭಯದ್ದು. ಫೈಲ್ ಇದೆ, ಅಳತೆ ಸರಿ ಇದೆ, ಯಂತ್ರ ಯಾವ ದೂರನ್ನೂ ಹೇಳುತ್ತಿಲ್ಲ. ಆದರೆ ಒಳಗಿನ ಅಕ್ಷರ ಬದಲಾಗಿದೆ. 2007ರಲ್ಲಿ ಸರ್ನ್‌ನಲ್ಲಿ ಇದನ್ನು ಅಳೆದು ನೋಡಿದರು. ಕ್ಯಾಸ್ಟರ್ ಭಂಡಾರದ 33,700 ಫೈಲುಗಳನ್ನು ಪರೀಕ್ಷಿಸಿದಾಗ 22 ತಾಳೆಯಾಗಲಿಲ್ಲ. ಅಂದರೆ ಸುಮಾರು 1,500ಕ್ಕೆ ಒಂದು. ಹೊರಗಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಇತ್ತು, ಹುಳ ಬಿದ್ದದ್ದು ಒಳಗೆ.

ಇದಕ್ಕೆ ಉಪಾಯ 'ಚೆಕ್‌ಸಮ್'. ಫೈಲಿನ ಎಲ್ಲ ಅಂಕಿಗಳನ್ನು ಒಂದು ಕ್ರಮದಲ್ಲಿ ಕೂಡಿ ಬರುವ ಸಣ್ಣ ಮೊತ್ತ ಅದು. ಕಳಿಸುವಾಗ ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ, ಆಮೇಲೆ ಆಗಾಗ ಲೆಕ್ಕ ಹಾಕಿ ಹೋಲಿಸಬೇಕು. ಹೊಂದದಿದ್ದರೆ ಆ ಪ್ರತಿ ಎಸೆದು ಇನ್ನೊಂದು ಊರಿನ ಪ್ರತಿ ತರಿಸಬೇಕು. ಇನ್ನೊಂದು ಊರಲ್ಲಿ ಪ್ರತಿ ಇಟ್ಟಿದ್ದಕ್ಕೆ ಬೆಲೆ ಬರುವುದು ಇಲ್ಲೇ.

ಹುಡುಕುವ ಕ್ರಮ ಎಲ್ಲ ಊರಲ್ಲೂ ಒಂದೇ. ಮೊದಲು ಅದೇ ಯಂತ್ರದಲ್ಲಿ ಫೈಲ್ ಓದಿ ನೋಡು. ಆಮೇಲೆ ಪಕ್ಕದ ಯಂತ್ರದಿಂದ. ಆಮೇಲೆ ಅದೇ ದೇಶದ ಇನ್ನೊಂದು ಕೇಂದ್ರದಿಂದ. ಕೊನೆಗೆ ಸಮುದ್ರದಾಚೆಯಿಂದ. ಎಲ್ಲಿ ಕಡಿಯಿತೋ ಅಲ್ಲೇ ರೋಗ. ಪಂಪ್‌ಸೆಟ್ ನೀರು ಬಾರದಿದ್ದರೆ ಮೋಟಾರಿನಿಂದ ಹೊಲದವರೆಗೆ ಪೈಪು ನೋಡುತ್ತಾ ಹೋಗುವ ಹಾಗೆ.

ಮುಂಬೈ, ಕೋಲ್ಕತ್ತ, ಬೆಂಗಳೂರು

ಭಾರತ ಸರ್ನ್‌ಗೆ ಹೊಸದಲ್ಲ. 2002ರಲ್ಲಿ ವೀಕ್ಷಕ ದೇಶವಾಯಿತು, 2017ರಲ್ಲಿ ಸಹ ಸದಸ್ಯ ದೇಶವಾಯಿತು. ಗ್ರಿಡ್‌ನಲ್ಲಿ ನಮ್ಮ ಪಾಲು ಮುಖ್ಯವಾಗಿ ಎರಡು ಟಿಯರ್-2 ಕೇಂದ್ರಗಳು. ಸಿಎಂಎಸ್ ಪ್ರಯೋಗಕ್ಕೆ ಮುಂಬೈಯ ಟಿಐಎಫ್‌ಆರ್. ಆಲಿಸ್ ಪ್ರಯೋಗಕ್ಕೆ ಕೋಲ್ಕತ್ತದ ವಿಇಸಿಸಿ.

ಇದಲ್ಲದೆ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದ ತಂತ್ರಜ್ಞರು ಸರ್ನ್ ಜೊತೆ ಸೇರಿ 'ಗ್ರಿಡ್‌ವ್ಯೂ' ಎಂಬ ಉಸ್ತುವಾರಿ ತಂತ್ರಾಂಶ ಬರೆದರು. ಯಾವ ಕೇಂದ್ರದಿಂದ ಎಲ್ಲಿಗೆ ಎಷ್ಟು ವೇಗದಲ್ಲಿ ಮಾಹಿತಿ ಹೋಗುತ್ತಿದೆ, ಯಾವ ಕೇಂದ್ರ ನಿಂತಿದೆ ಎಂಬುದನ್ನು ಅದು ಚಿತ್ರದಲ್ಲಿ ತೋರಿಸುತ್ತಿತ್ತು. ಲೋಕದ ಗ್ರಿಡ್‌ನ ನಾಡಿ ಹಿಡಿದು ನೋಡುವ ಕೆಲಸದಲ್ಲಿ ನಮ್ಮವರ ಕೈಯಿತ್ತು.

ನಮ್ಮ ರಾಜ್ಯದ ನಂಟು ಇರುವುದು ಗುರುತಿನ ಚೀಟಿಯಲ್ಲಿ. ಭಾರತದ ಗ್ರಿಡ್ ಬಳಕೆದಾರರಿಗೆ ಡಿಜಿಟಲ್ ಪ್ರಮಾಣಪತ್ರ ಕೊಡುವ ಪ್ರಾಧಿಕಾರವನ್ನು ನಡೆಸಿದ್ದು ಬೆಂಗಳೂರಿನ ಸಿ-ಡ್ಯಾಕ್. ಇಲ್ಲಿನ ವಿಜ್ಞಾನಿ ಯಾರು ಎಂದು ಜಿನೀವಾದ ಸರ್ವರ್ ನಂಬುತ್ತಿದ್ದದ್ದು ಬೆಂಗಳೂರಿನವರು ಹಾಕಿದ ಸಹಿಯಿಂದ. ಅದೇ ಸಿ-ಡ್ಯಾಕ್ 'ಗರುಡ' ಎಂಬ ದೇಶದ್ದೇ ಗ್ರಿಡ್ ಕಟ್ಟಿ 17 ನಗರಗಳ 45 ಸಂಸ್ಥೆಗಳನ್ನು ಜೋಡಿಸಿತು. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಸಂಸ್ಥೆಗಳ ನಡುವಿನ ದಾರಿ ಅಗಲವಾಯಿತು.

ಬೆಂಕಿ ಬಂತು, ನೀರು ಬಂತು

ಯಂತ್ರ ಮೊದಲು ಶುರುವಾದದ್ದು 2008ರ ಸೆಪ್ಟೆಂಬರ್ 10ರಂದು. ಒಂಬತ್ತೇ ದಿನಕ್ಕೆ ಹೀಲಿಯಂ ಸೋರಿ ನಿಂತಿತು. ಮತ್ತೆ ಓಡಿದ್ದು 2009ರ ನವೆಂಬರಿನಲ್ಲಿ. ಆ ನಡುವೆ, 2009ರ ಫೆಬ್ರವರಿಯಲ್ಲಿ, ತೈವಾನಿನ ತೈಪೆಯ ಟಿಯರ್-1 ಕೇಂದ್ರದ ಯುಪಿಎಸ್ ಕೋಣೆಗೆ ಬೆಂಕಿ ಬಿತ್ತು. ಕೇಂದ್ರ ನಿಂತರೂ ಗ್ರಿಡ್ ನಿಲ್ಲಲಿಲ್ಲ.

ಇನ್ನೂ ದೊಡ್ಡ ಪರೀಕ್ಷೆ 2017ರ ನವೆಂಬರ್ 9ರಂದು ಆಯಿತು. ಇಟಲಿಯ ಬೊಲೊನ್ಯಾ ನಗರದಲ್ಲಿ ರಸ್ತೆಯಡಿಯ ನೀರಿನ ದೊಡ್ಡ ಪೈಪು ಒಡೆಯಿತು. ನೆಲಮಟ್ಟಕ್ಕಿಂತ ಕೆಳಗಿದ್ದ ಟಿಯರ್-1 ಕೇಂದ್ರಕ್ಕೆ ನೀರು ನುಗ್ಗಿತು. ವಿದ್ಯುತ್ ವ್ಯವಸ್ಥೆ ಕೆಟ್ಟಿತು, ಕೆಳ ಸಾಲಿನ ಡಿಸ್ಕುಗಳು ಮುಳುಗಿದವು, ನೂರಕ್ಕೂ ಹೆಚ್ಚು ಟೇಪುಗಳು ನೆನೆದವು. ಹಗೇವಿಗೆ ನೀರು ಹೊಕ್ಕರೆ ಏನಾಗುತ್ತದೆ ಎಂದು ಉತ್ತರ ಕರ್ನಾಟಕದ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಕೇಂದ್ರ ಮತ್ತೆ ಎದ್ದು ನಿಲ್ಲಲು ತಿಂಗಳುಗಳು ಹಿಡಿದವು. ನೆನೆದ ಟೇಪುಗಳಲ್ಲಿ ಹೆಚ್ಚಿನವನ್ನು ಒಣಗಿಸಿ, ಶುಚಿ ಮಾಡಿ ಓದಿಸಿದರು. ಅಷ್ಟು ದಿನ ಎಲ್‌ಎಚ್‌ಸಿ ಕೆಲಸ ನಿಂತಿತಾ? ಇಲ್ಲ. ಬೇರೆ ಊರುಗಳು ಹೊರೆ ಹೊತ್ತುಕೊಂಡವು. ಇಪ್ಪತ್ತು ವರ್ಷ ಹಿಂದೆ ಕಾಗದದ ಮೇಲೆ ಬರೆದಿದ್ದ 'ಎರಡು ಕಡೆ ಇಡಬೇಕು' ಎಂಬ ಮಾತು ಆ ದಿನ ಕಾಪಾಡಿತು.

ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಅವು ಸೇರಿ ನಡೆಸುವ ಟಿಯರ್-1ಕ್ಕೆ ಒಂದೇ ಕಟ್ಟಡವೇ ಇಲ್ಲ. ಹೊರಗಿನವರಿಗೆ ಒಂದೇ ಗೋದಾಮಿನಂತೆ ಕಾಣುವ ಡಿಕ್ಯಾಷ್, ಒಳಗೆ ಹಲವು ದೇಶಗಳ ಡಿಸ್ಕುಗಳಲ್ಲಿ ಹರಡಿದೆ.

ಹೆಸರು ಹಿಂದಾಯಿತು, ಕಣಜ ಉಳಿಯಿತು

2006ರಲ್ಲಿ ಅಮೆಜಾನ್ ಬಾಡಿಗೆಗೆ ಸಂಗ್ರಹ ಕೊಡಲು ಶುರು ಮಾಡಿತು. ಮುಂದೆ 'ಕ್ಲೌಡ್' ಎಂಬ ಮಾತು ಎಲ್ಲರ ಬಾಯಲ್ಲಿ ಬಂತು. 'ಗ್ರಿಡ್' ಹಿಂದಾಯಿತು. ಎರಡಕ್ಕೂ ವ್ಯತ್ಯಾಸವಿದೆ. ಕ್ಲೌಡ್‌ನಲ್ಲಿ ಗೋದಾಮಿಗೆ ಒಬ್ಬನೇ ಧಣಿ, ನಾವೆಲ್ಲ ಬಾಡಿಗೆದಾರರು. ಗ್ರಿಡ್‌ನಲ್ಲಿ ಪ್ರತಿ ಊರೂ ತನ್ನ ಗೋದಾಮಿನ ಧಣಿ, ನಿಯಮ ಮಾತ್ರ ಎಲ್ಲರೂ ಕೂಡಿ ಮಾಡಿದ್ದು. ಮೊದಲನೆಯದು ಸುಲಭ. ಎರಡನೆಯದರಲ್ಲಿ ಜಗಳ, ಸಭೆ, ದುರಸ್ತಿ ಜಾಸ್ತಿ. ಆದರೆ ಕೀಲಿಕೈ ಒಬ್ಬನ ಕೈಗೆ ಹೋಗುವುದಿಲ್ಲ.

ಹಳೆಯ ತಂತ್ರಾಂಶಗಳು ಒಂದೊಂದಾಗಿ ನಿವೃತ್ತಿಯಾದವು. ಎಸ್‌ಆರ್‌ಎಂ ಜಾಗಕ್ಕೆ ನಮ್ಮ ಫೋನಿನ ಬ್ರೌಸರ್ ಬಳಸುವ ಅದೇ ಎಚ್‌ಟಿಟಿಪಿ ಬರುತ್ತಿದೆ. ಕ್ಯಾಸ್ಟರ್ ಹೋಗಿ ಹೊಸ ಟೇಪ್ ವ್ಯವಸ್ಥೆ ಬಂದಿದೆ. ಅಟ್ಲಾಸ್ ಪ್ರಯೋಗದವರು ಯಾವ ಫೈಲ್ ಯಾವ ದೇಶದಲ್ಲಿದೆ ಎಂದು ನೋಡಿಕೊಳ್ಳುವ ತಮ್ಮ ಮೊದಲ ವ್ಯವಸ್ಥೆಗೆ 'ಡಾನ್ ಕಿಹೋಟೆ' ಎಂದು ಹೆಸರಿಟ್ಟಿದ್ದರು. ಅದರ ನಂತರ ಬಂದದ್ದಕ್ಕೆ 'ರೂಸಿಯೊ' ಎಂದರು. ಅದೇ ಕಾದಂಬರಿಯಲ್ಲಿ ಸೇವಕ ಸಾಂಚೊ ಏರುವ ಕತ್ತೆಯ ಹೆಸರು ಅದು. ವೀರನ ಕುದುರೆಗಿಂತ ಹೊರೆ ಹೊರುವ ಕತ್ತೆ ದೊಡ್ಡದು ಎಂಬುದು ಅನುಭವದ ಮಾತು ಎಂದುಕೊಳ್ಳುತ್ತೇವೆ.

ಸರ್ನ್‌ನ ಭಂಡಾರ 2013ರಲ್ಲಿ 100 ಪೆಟಾಬೈಟ್ ಮುಟ್ಟಿತ್ತು. 2017ರಲ್ಲಿ ಟೇಪುಗಳಲ್ಲೇ 200 ಪೆಟಾಬೈಟ್ ಆಯಿತು. 2023ರಲ್ಲಿ ಅಲ್ಲಿನ ಡಿಸ್ಕುಗಳ ಸಾಮರ್ಥ್ಯ 1 ಎಕ್ಸಾಬೈಟ್ ದಾಟಿತು. ಅಂದರೆ 10 ಲಕ್ಷ ಟಿಬಿ.

ಈ ಕಣಜದ ಒಂದು ಭಾಗ ನಮಗೂ ತೆರೆದಿದೆ. 2014ರ ನವೆಂಬರಿನಿಂದ ಸರ್ನ್ ತನ್ನ ಪ್ರಯೋಗಗಳ ಕೆಲವು ಮಾಹಿತಿಯನ್ನು ಎಲ್ಲರಿಗೂ ಉಚಿತವಾಗಿ ಬಿಡುಗಡೆ ಮಾಡುತ್ತಿದೆ. ಪದವಿ ಓದುವ ಹಳ್ಳಿ ಹುಡುಗಿಯೂ ಕಾಲೇಜಿನ ಕಂಪ್ಯೂಟರಿನಲ್ಲಿ ಕೂತು ಅದನ್ನು ಇಳಿಸಿಕೊಂಡು ನೋಡಬಹುದು. ಕೇಳಿದರೆ ಕೊಡಲು ಅದು ಇವತ್ತಿಗೂ ಇದೆ ಎಂದರೆ, ನೂರಾರು ಊರುಗಳಲ್ಲಿ ಯಾರೋ ಚೀಟಿಯ ತಾರೀಖು ನೋಡಿದ್ದಾರೆ, ಪಟ್ಟಿ ತಾಳೆ ಹಾಕಿದ್ದಾರೆ, ಮೊತ್ತ ಕೂಡಿ ಪರೀಕ್ಷಿಸಿದ್ದಾರೆ.

ನಮ್ಮ ಊರಿನ ದಾಖಲೆಗಳು ಕಂಪ್ಯೂಟರಿಗೆ ಏರುತ್ತಿರುವ ಈ ಹೊತ್ತಿನಲ್ಲಿ ಅಧಿಕಾರಿಗಳನ್ನು ಕೇಳಲು ಈ ಇತಿಹಾಸ ಮೂರು ಪ್ರಶ್ನೆ ಕೊಡುತ್ತದೆ. ಇನ್ನೊಂದು ಪ್ರತಿ ಬೇರೆ ಊರಲ್ಲಿ ಇದೆಯಾ? ಅದನ್ನು ಕಡೆಯ ಸಲ ತೆರೆದು ನೋಡಿದ್ದು ಯಾವಾಗ? ಕೀಲಿಕೈ ಯಾರ ಹತ್ತಿರ ಇದೆ?